ಸಿಹಿ ಮಿರ್ಚಿ, ಸಕ್ಕರಿ ಉಪ್ಪು

ಬೀಗರನ್ನು ಒಂದು ಸಲವಾದರೂ ಪೇಚಿಗೆ ಸಿಕ್ಕಿಸದೆ ಮದುವೆ ಮುಗಿದರೆ ಅದನ್ನು ಮದುವೆ ಅಂತ ಒಪ್ಪದವಳು ನಮ್ಮ ದೊಡ್ಡವ್ವ. ಅವ್ವ, ದೊಡ್ಡವ್ವ ಇಬ್ಬರೂ ಹುಟ್ಟಿದ್ದು ಚಿತ್ತಾಪುರದಲ್ಲಿ. ದೊಡ್ಡವ್ವನನ್ನು ಶಹಾಬಾದಿಗೆ ಕೊಟ್ಟರು, ಅವ್ವನನ್ನು ಸೇಡಂಗೆ. ಮುಂದೆ ನಮ್ಮ ಅಕ್ಕ ಚಿಂಚೋಳಿ ಸೇರಿದಳು, ನಾನು ವಾಡಿ. ವಾಡಿಯಿಂದ ಚಿತ್ತಾಪುರ, ಸೇಡಂ ಕಡೆಗೆ ಒಂದು ರೈಲು, ಶಹಾಬಾದ್ ಕಡೆಗೆ ಇನ್ನೊಂದು. ಚಿಂಚೋಳಿಗೆ ಮಾತ್ರ ರೈಲಿಲ್ಲ, ಬಸ್ಸೇ ಗತಿ. ಒಟ್ಟಿನಲ್ಲಿ ನಮ್ಮ ಬಳಗವೆಲ್ಲ ಒಂದು ದಿನದ ಹಾದಿಯೊಳಗೇ ಮುಗಿದುಹೋಗುತ್ತದೆ. ಹಾಗಾಗಿ ಯಾರ ಮನೆಯಲ್ಲಿ ಏನು ಕಾರ್ಯವಿದ್ದರೂ ದೊಡ್ಡವ್ವ ಒಂದು ದಿನ ಮೊದಲೇ ಹಾಜರು. ಜೊತೆಗೆ ಒಂದು ಡಬ್ಬಿ, ಆ ಡಬ್ಬಿಯೊಳಗೆ ಏನಿದೆ ಅಂತ ಯಾರಿಗೂ ಹೇಳುವುದಿಲ್ಲ.

ಅಕ್ಕನ ಮದುವೆ ಆದದ್ದು 1991ರಲ್ಲಿ, ಸೇಡಂನ ನಮ್ಮ ಮನೆಯ ಮುಂದೆ ಹಾಕಿದ ಹಂದರದಲ್ಲಿ. ಬೀಗರ ಪಂಕ್ತಿಗೆ ಎಲೆ ಹಾಕಿ, ಮದುಮಗ ಮತ್ತು ಅವನ ಕಡೆಯ ಐದು ಮಂದಿ ಹಿರಿಯರಿಗೆ ಬೇರೆಯಾಗಿ ಬಡಿಸಿದರು. ಬಿಳಿಜೋಳದ ರೊಟ್ಟಿ, ಬ್ಯಾಳಿ, ಕೆಂಪು ಹಿಂಡಿ, ಹೆಚ್ಚಿದ ಉಳ್ಳಾಗಡ್ಡಿ, ಎರಡೆರಡು ಮಿರ್ಚಿ ಭಜಿ, ಎಲೆಯ ತುದಿಗೆ ಒಂದು ಚಿಟಿಕೆ ಉಪ್ಪು. ಮದುವೆ ಊಟದಲ್ಲಿ ಹೋಳಿಗೆ ಇಲ್ಲ, ಏನಿಲ್ಲ, ಬರೇ ರೊಟ್ಟಿ ಬ್ಯಾಳಿ! ಚಿಂಚೋಳಿಯವರ ಮುಖ ಸಣ್ಣಗಾಯಿತು. ಮದುಮಗನ ಸೋದರಮಾವ ಮಾತ್ರ ದೊಡ್ಡ ಮನಸ್ಸು ಮಾಡಿ ಬ್ಯಾಳಿಗೆ ಉಪ್ಪು ಉದುರಿಸಿಕೊಂಡು ಬಾಯಿಗಿಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿ ಕೇಳಿದರು:

“ಏನ್ ತಂಗಿ, ನಿಮ್ಮ ಊರಾಗ ಉಪ್ಪು ಸಿಹಿ ಇರ್ತದೇನು?”

ಬಾಗಿಲ ಹಿಂದಿದ್ದ ಹೆಂಗಸರೆಲ್ಲ ಒಟ್ಟಿಗೆ ನಕ್ಕ ಸದ್ದಿಗೆ ಹಂದರದ ಕಾಗೆಗಳು ಎದ್ದು ಹಾರಿದವು. ಉಪ್ಪು ಸಕ್ಕರೆ. ರೊಟ್ಟಿ ಶೇಂಗಾದ್ದು. ಬ್ಯಾಳಿ ಅಂದರೆ ಕೇಸರಿ ಹಾಕಿದ ಬಾಸುಂದಿ. ಭಜಿ ಬೇಸನ್ ಉಂಡಿಯ ಹದದ್ದು. ಆ ಎಲೆಯ ಮೇಲೆ ಸಿಹಿಯಲ್ಲದ ಪದಾರ್ಥ ಒಂದೂ ಇರಲಿಲ್ಲ.

ಬೀಗರು ಸಾಲ ಉಳಿಸಿಕೊಳ್ಳುವವರಲ್ಲ. ಆ ವರ್ಷ ಗೌರಿ ಹುಣ್ಣಿಮೆಗೆ ಸೊಸೆಗೆ ಸಕ್ಕರೆ ಆರತಿ ತಂದರು. ನಮ್ಮ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರಲ್ಲಿ ನೆನೆಸಿದ ಕಟ್ಟಿಗೆಯ ಅಚ್ಚಿಗೆ ಬಿಸಿ ಪಾಕ ಹೊಯ್ದು ತೆಗೆದ ಆನೆ, ಕುದುರೆ, ಬಸವಣ್ಣ, ತೇರು, ಗಿಳಿ. ಅದರ ಜೊತೆ ಒಂದು ಬುಟ್ಟಿ ಬೇಸನ್ ಉಂಡಿ. ಅಪ್ಪ ಒಂದನ್ನು ಪೂರ್ತಿ ಬಾಯಿಗೆ ಹಾಕಿಕೊಂಡರು. ಒಳಗೆ ಗುಂಟೂರು ಮೆಣಸಿನಕಾಯಿಯ ಹಿಂಡಿ! ಒಂದು ತಂಬಿಗೆ ಮಜ್ಜಿಗೆ ಕುಡಿದು, ಕಣ್ಣೊರೆಸಿಕೊಂಡು ಅವರು ಹೇಳಿದ್ದು ಇಷ್ಟೇ: “ಮಗಳನ್ನ ಛಲೋ ಮನಿಗೇ ಕೊಟ್ಟೀವಿ.”

ದೊಡ್ಡವ್ವನ ಈ ಆಟಕ್ಕೆ ದೊಡ್ಡ ಮನೆತನದ ನಂಟೂ ಇದೆ. ಹಳೆಯ ಲಖನೌ ಬದುಕಿನ ಬಗ್ಗೆ ಅಬ್ದುಲ್ ಹಲೀಂ ಶರರ್ ಎಂಬ ಉರ್ದು ಲೇಖಕರು ಬರೆದ ಪುಸ್ತಕದಲ್ಲಿ ಒಂದು ಪ್ರಸಂಗ ಬರುತ್ತದೆ. ಅವಧದ ಕೊನೆಯ ನವಾಬ ವಾಜಿದ್ ಅಲಿ ಶಾ ದಿಲ್ಲಿಯ ರಾಜಕುಮಾರ ಮಿರ್ಜಾ ಆಸ್ಮಾನ್ ಕದ್ರ್ ಅವರನ್ನು ಊಟಕ್ಕೆ ಕರೆದು ಮುರಬ್ಬಾ ಬಡಿಸಿದ. ಬಾಯಿಗಿಟ್ಟರೆ ಅದು ಮಾಂಸದ ಕುರ್ಮಾ. ನಾಚಿದ ರಾಜಕುಮಾರ ಕೆಲ ದಿನ ಬಿಟ್ಟು ನವಾಬನನ್ನು ತನ್ನಲ್ಲಿಗೆ ಕರೆದ. ಪುಲಾವ್, ಕಬಾಬ್, ಪಲ್ಯ, ಚಪಾತಿ, ಉಪ್ಪಿನಕಾಯಿ ಎಲ್ಲ ಬಂತು. ನವಾಬ ಯಾವುದಕ್ಕೆ ಕೈಹಾಕಿದರೂ ಸಕ್ಕರೆ! ಬಡಿಸಿದ ತಟ್ಟೆಗಳು ಕೂಡ ಸಕ್ಕರೆಯವೇ ಆಗಿದ್ದವಂತೆ. ಈ ಕಥೆಯನ್ನು ದೊಡ್ಡವ್ವನಿಗೆ ಓದಿ ಹೇಳಿದೆ. ಕುರ್ಮಾದ ಮಾತಿಗೆ ಮೂಗು ಮುರಿದಳು. ತಟ್ಟೆಯ ಮಾತಿಗೆ ಮಾತ್ರ ಕಿವಿ ನೆಟ್ಟಗಾಯಿತು. “ತಾಟೂ ಸಕ್ಕರೀದs? ಅದನ್ನ ಯಾವ ಅಚ್ಚಿಗೆ ಹೊಯ್ದಿದ್ರಂತ ಬರದಾನೇನು ನೋಡು” ಅಂದಳು.

ಅವಳಿಂದ ಕಲಿತದ್ದನ್ನು ಸ್ವಲ್ಪ ಬರೆಯುತ್ತೇನೆ. ಅಳತೆ ಹೇಳು ಅಂದರೆ ಅವಳು ಹೇಳುವವಳಲ್ಲ, ಅವ್ವ ಪಕ್ಕದಲ್ಲಿ ನಿಂತು ಬಟ್ಟಲಿನಲ್ಲಿ ಅಳೆದು ಇಟ್ಟುಕೊಂಡದ್ದು ಇದು. ರೊಟ್ಟಿಗೆ ಎರಡು ಬಟ್ಟಲು ಶೇಂಗಾ ಪುಡಿ, ಒಂದು ಬಟ್ಟಲು ಸಕ್ಕರೆ, ಅರ್ಧ ಬಟ್ಟಲು ನೀರು. ಶೇಂಗಾವನ್ನು ಕೆಂಪಗಾಗದಂತೆ ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ಪೂರ್ತಿ ತೆಗೆಯಬೇಕು. ಒಂದು ಸಿಪ್ಪೆ ಉಳಿದರೂ ರೊಟ್ಟಿಯಲ್ಲಿ ಕೆಂಪು ಚುಕ್ಕೆ ಕಂಡು ಗುಟ್ಟು ರಟ್ಟು. ಮಿಕ್ಸಿಯನ್ನು ತಡೆದು ತಡೆದು ತಿರುಗಿಸಬೇಕು, ಒಂದೇ ಸಮ ತಿರುಗಿಸಿದರೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಪುಡಿಯನ್ನು ಜರಡಿ ಹಿಡಿದು, ಒಂದೆಳೆ ಪಾಕಕ್ಕೆ ಹಾಕಿ, ತಳ ಬಿಡುವ ತನಕ ಕೈಯಾಡಿಸಿ, ತುಪ್ಪ ಸವರಿದ ಎರಡು ಹಾಳೆಯ ನಡುವೆ ಬಿಸಿಯಿರುವಾಗಲೇ ಲಟ್ಟಿಸಬೇಕು. ಆರಿದರೆ ಅಂಚು ಬಿರಿಯುತ್ತದೆ. ಆದರೆ ಜೋಳದ ರೊಟ್ಟಿಗೂ ಅಂಚು ಬಿರಿದಿರುತ್ತದಲ್ಲ, ಇದೊಂದೇ ತಿನಿಸಿನಲ್ಲಿ ಬಿರುಕು ಬಿಟ್ಟರೆ ಇನ್ನೂ ಚೆಂದ. ಕೊನೆಗೆ ಕಬ್ಬಿಣದ ಸೌಟನ್ನು ಒಲೆಯ ಮೇಲೆ ಕಾಸಿ ಅದರ ಬೆನ್ನನ್ನು ಅಲ್ಲಲ್ಲಿ ಮುಟ್ಟಿಸಿದರೆ ಸಕ್ಕರೆ ಕಂದಿ, ಹಂಚಿನ ಮೇಲೆ ಸುಟ್ಟ ರೊಟ್ಟಿಯ ಕಲೆ ಬಂದುಬಿಡುತ್ತದೆ.

ಉಳ್ಳಾಗಡ್ಡಿಯದು ಬೂದಗುಂಬಳದ ಪೇಠಾ. ಹೋಳನ್ನು ಸುಣ್ಣದ ತಿಳಿನೀರಿನಲ್ಲಿ ನೆನೆಸಿ, ಏಳೆಂಟು ನೀರಿನಲ್ಲಿ ಚೆನ್ನಾಗಿ ತೊಳೆದು, ಬೇಯಿಸಿ ಪಾಕದಲ್ಲಿ ಬಿಡುವುದು. ಸುಣ್ಣದ ನೀರು ಕುಂಬಳದ ಹೋಳನ್ನು ಗಟ್ಟಿ ಹಿಡಿಯುತ್ತದೆ, ಎಷ್ಟು ಕುದಿಸಿದರೂ ಅದು ಕರಗದೆ ಕಟುಂ ಅನ್ನುತ್ತದೆ. ಕಾಲ ಕೆಳಗೆಲ್ಲ ಸುಣ್ಣದ ಕಲ್ಲೇ ಇರುವ ಸೀಮೆಯವರು ನಾವು, ವಾಡಿಯಲ್ಲೂ ಸೇಡಂನಲ್ಲೂ ಸಿಮೆಂಟ್ ಕಾರ್ಖಾನೆ ಬಂದಿರುವುದು ಅದಕ್ಕೇ. ಆ ಕಲ್ಲಿನಿಂದ ಉಳ್ಳಾಗಡ್ಡಿಯನ್ನೂ ಮಾಡಬಹುದು ಅಂತ ದೊಡ್ಡವ್ವನಿಗೆ ಮಾತ್ರ ಹೊಳೆದಿತ್ತು! ತೆಳ್ಳಗೆ ಬಳೆಯ ಹಾಗೆ ಕೊಯ್ದು ಅಂಚಿಗೆ ಬೀಟ್‌ರೂಟ್ ರಸ ತಾಗಿಸಿದರೆ ಮುಗಿಯಿತು. ಅದೇ ರಸ ಹಾಕಿ ಬಾಡಿಸಿದ ಒಣಕೊಬ್ಬರಿ ತುರಿ ಕೆಂಪು ಹಿಂಡಿ. ಬಾಸುಂದಿಯ ಮೇಲೆ ನಾಲ್ಕು ಕರಿ ಎಳ್ಳು ತೇಲಿಬಿಟ್ಟರೆ ಒಗ್ಗರಣೆಯ ಸಾಸಿವೆ. ಉಪ್ಪಿಗಂತೂ ಏನೂ ಮಾಡುವುದು ಬೇಡ. ಸಕ್ಕರೆಯನ್ನು ಸ್ವಲ್ಪ ಕುಟ್ಟಿ ಇಡುವುದಷ್ಟೇ. ಎಲ್ಲಕ್ಕಿಂತ ಜನ ಬೇಸ್ತು ಬೀಳುವುದು ಅದಕ್ಕೇ.

ಈಗ ಮೊಬೈಲಿನಲ್ಲಿ ಇಂಥದ್ದು ಬಹಳ ಬರುತ್ತದೆ. ಚಪ್ಪಲಿ ಅಂದುಕೊಂಡದ್ದನ್ನು ಚಾಕುವಿನಿಂದ ಕೊಯ್ದರೆ ಒಳಗೆ ಕೇಕು. ನೋಡಲಿಕ್ಕೆ ಏನೋ ಮಜಾ. ಆದರೆ ಆ ಮೇಲಿನ ಸಕ್ಕರೆ ಹೊದಿಕೆ ರಬ್ಬರಿನ ಹಾಗೆ ಇರುತ್ತದೆ, ಅರ್ಧಕ್ಕರ್ಧ ತಟ್ಟೆಯಲ್ಲೇ ಉಳಿಯುತ್ತದೆ. ದೊಡ್ಡವ್ವನ ಎಲೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ನಕ್ಕಾದ ಮೇಲೆ ತಿನ್ನುವಂತೆಯೂ ಇರಬೇಕು ಅನ್ನುವುದು ಅವಳ ಹಟ.

ಅವ್ವ ಹೋದ ಮೇಲೆ ಈ ಆಟ ನಿಂತೇಹೋಗಿತ್ತು. ಮದುವೆಗಳು ಕಲ್ಯಾಣ ಮಂಟಪಕ್ಕೆ ಹೋದವು, ಅಡಿಗೆ ಕ್ಯಾಟರಿಂಗ್‌ನವರ ಕೈಗೆ ಹೋಯಿತು. ಅದನ್ನು ಮತ್ತೆ ಶುರು ಮಾಡುವಂತೆ ಮಾಡಿದ್ದು ನಮ್ಮ ಅಣ್ಣನ ಬಾಯಿ.

ಅಣ್ಣ ಶಹಾಬಾದ್ ಫರ್ಸಿಯ ಲಾರಿ ಓಡಿಸುತ್ತಿದ್ದ. ರಾತ್ರಿ ಹಾದಿಯಲ್ಲಿ ನಿದ್ದೆ ಬರಬಾರದು ಅಂತ ಶುರುವಾದ ಗುಟ್ಕಾ ಹಗಲಿಗೂ ಬಂತು. 2022ರಲ್ಲಿ ಕೆನ್ನೆಯ ಒಳಗೆ ಆದ ಹುಣ್ಣು ಮಾಯಲಿಲ್ಲ. ಕಲಬುರಗಿಯಲ್ಲಿ ಪರೀಕ್ಷೆ, ಆಪರೇಷನ್, ಆಮೇಲೆ ವಾರಕ್ಕೆ ಐದು ದಿನದಂತೆ 33 ಸಲ ಕರೆಂಟು. ನಮ್ಮ ಕಡೆ ವಿಕಿರಣ ಚಿಕಿತ್ಸೆಗೆ ಹಾಗೇ ಅನ್ನುತ್ತಾರೆ. ತಲೆ ಅಲುಗಾಡಬಾರದೆಂದು ಪ್ಲಾಸ್ಟಿಕ್ಕಿನ ಜಾಲರಿಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ, ಮುಖಕ್ಕೆ ಒತ್ತಿ ಮುಖವಾಡ ತೆಗೆಯುತ್ತಾರೆ, ದಿನಾ ಅದನ್ನು ಹಾಕಿ ಮೇಜಿಗೆ ಬಿಗಿಯುತ್ತಾರೆ. ಮೊದಲ ದಿನ ಹೊರಗೆ ಬಂದವನೇ ಅಣ್ಣ ಅಂದದ್ದು, “ನನಗೂ ಸಕ್ಕರಿ ಆರತಿ ಹಂಗ ಅಚ್ಚ ಹಾಕಿದ್ರು ನೋಡು.” ಅತ್ತಿಗಿ ಅಳುತ್ತಿದ್ದವಳು ನಕ್ಕುಬಿಟ್ಟಳು.

ಆ ನಗು ಬಹಳ ದಿನ ನಡೆಯಲಿಲ್ಲ. ಮೂರನೇ ವಾರಕ್ಕೆ ಬಾಯಿ ತುಂಬ ಹುಣ್ಣು. ಜೊಲ್ಲು ಬತ್ತಿತು, ರುಚಿ ಹೋಯಿತು. ಚಿಕಿತ್ಸೆ ಮುಗಿದ ಮೇಲೂ ದವಡೆ ಬಿಗಿದು ಬಾಯಿ ಎರಡು ಬೆರಳು ಹೋಗುವಷ್ಟು ಮಾತ್ರ ತೆರೆಯುತ್ತಿತ್ತು. ಖಾರದ ಹಸಿ ವಾಸನೆ ಬಂದರೂ ಕಣ್ಣಲ್ಲಿ ನೀರು. ಇವನು ಯಾರು? ಲಾರಿ ವಾಡಿಗೆ ಬಂದಾಗೆಲ್ಲ ಸ್ಟೇಷನ್ ಎದುರು ಬಂಡಿಯಲ್ಲಿ ನಿಂತು ಆರು ಮಿರ್ಚಿ ತಿಂದು, ಆಮೇಲೆ ನಮ್ಮ ಮನೆಗೆ ಬಂದು “ಊಟಕ್ಕೇನ್ ಮಾಡೀ?” ಅಂತ ಕೇಳುತ್ತಿದ್ದವನು. ಮಿರ್ಚಿ ಭಜಿ ನಮ್ಮಲ್ಲಿ ಬರೇ ತಿನಿಸಲ್ಲ. ಸುಸಲಾ ಮಿರ್ಚಿ ಇಲ್ಲದೆ ಮುಂಜಾನೆ ಆಗುವುದಿಲ್ಲ, ಸಂಜೆಗೆ ನಾಲ್ಕು ಮಂದಿ ಕೂಡುವುದೂ ಅದರ ನೆಪಕ್ಕೇ.

ಅಣ್ಣ ಪಂಕ್ತಿ ಬಿಟ್ಟ. ಹಬ್ಬಕ್ಕೆ ಎಲ್ಲರೂ ಸೇರಿದರೆ ಅವನು ಒಳಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಗಂಜಿ ಕುಡಿಯುತ್ತಿದ್ದ. ಕರೆದರೆ, “ನೀವು ಮಿರ್ಚಿ ಕಡೀರಿ, ನಾ ಗಂಜಿ ನೆಕ್ಕೋತ ನಿಮ್ಮ ಮುಂದ ಕೂಡ್ಬೇಕೇನು?” ಅನ್ನುತ್ತಿದ್ದ. ಗಂಜಿಯನ್ನೂ ಅರ್ಧ ಬಿಡುತ್ತಿದ್ದ. ತೂಕ 48 ಕಿಲೋಗೆ ಬಂತು. ಇನ್ನೂ ಇಳಿದರೆ ಮೂಗಿನಿಂದ ನಳಿಕೆ ಹಾಕಬೇಕಾಗುತ್ತದೆ ಅಂತ ಡಾಕ್ಟರು ಅತ್ತಿಗಿಗೆ ಹೇಳಿ ಕಳಿಸಿದರು. ಅವನಿಗೆ ಹಸಿವು ಇರಲಿಲ್ಲವೆಂದಲ್ಲ. ಒಬ್ಬನೇ ಕೂತು ಉಣ್ಣುವ ಮನಸ್ಸಿರಲಿಲ್ಲ.

2023ರ ಚಳಿಗಾಲದಲ್ಲಿ ಅಕ್ಕನ ಮೊಮ್ಮಗನ ತೊಟ್ಟಿಲ ಕಾರ್ಯ ಚಿಂಚೋಳಿಯಲ್ಲಿ ನಿಂತಿತು. ಅಣ್ಣ ಬರುವುದಿಲ್ಲ ಅಂದ. ನಾನು ಶಹಾಬಾದಿಗೆ ಫೋನ್ ಮಾಡಿ ದೊಡ್ಡವ್ವನ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. ಆಕೆಗೆ ಆಗಲೇ ಎಂಬತ್ತು ದಾಟಿತ್ತು. ಎಲ್ಲ ಕೇಳಿ ಒಂದೇ ಮಾತು ಹೇಳಿದಳು: “ಅವನ ತಾಟಿನಾಗ ಮಿರ್ಚಿ ಇರಬೇಕು. ಅದರಾಗ ಖಾರ ಇರಬೇಕಂತ ಯಾರ್ ಹೇಳ್ಯಾರ?”

ಹೇಳುವುದು ಸುಲಭ. ಹಳೆಯ ಲೆಕ್ಕದ ತಿನಿಸು ಒಂದೂ ಅವನಿಗೆ ನಡೆಯುವಂತಿರಲಿಲ್ಲ. ಶೇಂಗಾ ರೊಟ್ಟಿ ಗಂಟಲಲ್ಲಿ ನಿಲ್ಲುತ್ತದೆ. ಬೇಸನ್ ಉಂಡಿ ಒಣ ಬಾಯಿಯ ಅಂಗಳಕ್ಕೆ ಅಂಟಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಆಹಾರದ ಸಲಹೆ ಕೊಡುವ ಹುಡುಗಿಯನ್ನು ಕೇಳಿದೆ. ಹಾಲು, ತುಪ್ಪ, ಖೋವಾ ಒಳ್ಳೆಯದೇ, ಮೆತ್ತಗೆ ಹಸಿ ಹಸಿ ಇರಲಿ, ಸಕ್ಕರೆ ಕಡಿಮೆ ಹಾಕಿ ಅಂದಳು. ಜೊಲ್ಲು ಇಲ್ಲದ ಬಾಯಲ್ಲಿ ಸಿಹಿ ನಿಂತರೆ ಹಲ್ಲು ಬೇಗ ಹುಳುಕಾಗುತ್ತವೆ, ಕರೆಂಟು ಬಿದ್ದ ದವಡೆಯಲ್ಲಿ ಹಲ್ಲು ಕೀಳಿಸುವುದೂ ಅಪಾಯ, ಆದ್ದರಿಂದ ತಿಂದ ಕೂಡಲೇ ಬಾಯಿ ಮುಕ್ಕಳಿಸಬೇಕು ಅಂತಲೂ ಹೇಳಿದಳು. ಅಣ್ಣನಿಗೆ ಸಕ್ಕರೆ ಕಾಯಿಲೆ ಇಲ್ಲ, ಅತ್ತಿಗಿಗಿದೆ. ಅವಳು ಈ ಸಿಹಿಯನ್ನೆಲ್ಲ ಕೈಯಿಂದ ಮಾಡಿದಳೇ ಹೊರತು ನಾಲಿಗೆಗೆ ಹಚ್ಚಲಿಲ್ಲ.

ಒಳಗಿನ ಮೆಣಸಿನಕಾಯಿಗೆ ಸೋರೆಕಾಯಿ ಹಲ್ವಾ ಮಾಡಿದೆವು. ಎಳೆ ಸೋರೆಕಾಯಿಯನ್ನು ಸಿಪ್ಪೆಯ ಹಸಿರು ಸ್ವಲ್ಪ ಉಳಿಯುವಂತೆ ಹೆರೆದು, ತುರಿದು, ತುಪ್ಪದಲ್ಲಿ ಬಾಡಿಸಿ, ಹಾಲಲ್ಲಿ ಬೇಯಿಸಿ, ಖೋವಾ ಹಾಕಿ ಹದಕ್ಕೆ ತಂದರೆ ತಿಳಿಹಸಿರು ತಾನಾಗಿಯೇ ಬರುತ್ತದೆ, ಬಣ್ಣ ಬೆರೆಸಬೇಕಿಲ್ಲ. ಎಳೆ ಉಳಿಯದಂತೆ ಒಂದು ಸಲ ಮಿಕ್ಸಿಗೆ ಹಾಕಬೇಕು. ಹೊರಗಿನ ಹಿಟ್ಟಿಗೆ ಸಿಹಿಗುಂಬಳ. ಬೇಯಿಸಿ ನುರಿದು, ಖೋವಾ ಮತ್ತು ತುಪ್ಪದ ಜೊತೆ ಮಗುಚಿದರೆ ಥೇಟ್ ಕರಿದ ಕಡಲೆ ಹಿಟ್ಟಿನ ಬಣ್ಣ. ಹಸಿರನ್ನು ಬೆರಳಿನಷ್ಟು ಉದ್ದ ಹೊಸೆದು, ಮೇಲೆ ಹಳದಿಯನ್ನು ಒರಟು ಒರಟಾಗಿ ಮೆತ್ತಬೇಕು. ನುಣ್ಣಗೆ ಮಾಡಿದರೆ ಪೇಡೆ ಆಗುತ್ತದೆ, ಭಜಿ ಆಗುವುದಿಲ್ಲ. ತುದಿಗೆ ಕೊತ್ತಂಬರಿ ದಂಟಿನ ತೊಟ್ಟು. ನಿಜವಾದ ಮೆಣಸಿನಕಾಯಿಯ ತೊಟ್ಟನ್ನು ಅಡಿಗೆಮನೆಯ ಆ ಭಾಗಕ್ಕೇ ತರಲಿಲ್ಲ, ಅದರ ಘಾಟು ಬೆರಳಿಗೆ ಹತ್ತಿದರೂ ಸಾಕು, ಅವನ ಬಾಯಿ ಉರಿಯುತ್ತದೆ. ದಪ್ಪ ಎಷ್ಟು ಇರಬೇಕು ಅನ್ನುವುದಕ್ಕೆ ಅತ್ತಿಗಿ ತನ್ನ ಎರಡು ಬೆರಳು ಜೋಡಿಸಿ ಪಕ್ಕದಲ್ಲಿ ಹಿಡಿದಳು. ಒಂದೊಂದನ್ನೂ ಆ ಎರಡು ಬೆರಳಿನ ಅಳತೆಗೆ ಹಿಡಿದು ನೋಡಿ ಇಟ್ಟೆವು.

ರೊಟ್ಟಿಗೆ ಬದಲು ಹಾಲಲ್ಲಿ ನೆನೆದ ತೆಳ್ಳನೆಯ ದೋಸೆ, ಸೌಟಿನ ಕಲೆ ಸಮೇತ. ಬ್ಯಾಳಿಗೆ ಅದೇ ಬಾಸುಂದಿ, ನೀರಾಗಿ. ಉಳ್ಳಾಗಡ್ಡಿ ಬಿಟ್ಟೆವು, ಪೇಠಾ ಅಗಿಯಲಾರ. ಉಪ್ಪು ಮಾತ್ರ ಹಳೆಯದೇ.

ಚಿಂಚೋಳಿಗೆ ಅವನನ್ನು ಕರೆತರುವ ಕೆಲಸ ಅತ್ತಿಗಿಯದು. ಏನು ಹೇಳಿ ಒಪ್ಪಿಸಿದಳೋ ಗೊತ್ತಿಲ್ಲ, ಬಂದ. ಪಂಕ್ತಿಯ ಕೊನೆಯ ಎಲೆಗೆ, ಬೇಕಾದರೆ ಎದ್ದು ಹೋಗಲು ಅನುಕೂಲವಾಗುವಂತೆ ಕೂತ. ಅವತ್ತಿನ ಊಟವನ್ನು ಬೇಕಂತಲೇ ರೊಟ್ಟಿ, ಬ್ಯಾಳಿ, ಭಜಿಯಿಂದ ಶುರು ಮಾಡಿಸಿದ್ದೆವು. ಎಲ್ಲರ ಎಲೆಯಲ್ಲೂ ಅದೇ, ಅಣ್ಣನ ಎಲೆಯಲ್ಲೂ ಅದೇ. ಅಣ್ಣ ಭಜಿಯನ್ನು ನೋಡಿದ, ನನ್ನನ್ನು ನೋಡಿದ, ಮುಟ್ಟಲಿಲ್ಲ. ನನ್ನ ಎದೆ ಡವಡವ.

ತುಪ್ಪ ಬಡಿಸುತ್ತಾ ಬಂದವರು ಅಕ್ಕನ ಗಂಡ, ನಮ್ಮ ಮಾಮಾ. 1991ರಲ್ಲಿ ಮದುಮಗನಾಗಿ ಬೇಸ್ತು ಬಿದ್ದವರು. ಅಣ್ಣನ ಎಲೆಯ ಮುಂದೆ ನಿಂತರು. ತುಪ್ಪದ ಗಿಂಡಿ ಕೆಳಗಿಟ್ಟು, ಬಗ್ಗಿ, ಎಲೆಯ ತುದಿಯಿಂದ ಒಂದು ಚಿಟಿಕೆ ಉಪ್ಪು ತೆಗೆದು ನಾಲಿಗೆಗೆ ಇಟ್ಟುಕೊಂಡರು.

“ಚಿತ್ತಾಪುರದ ಉಪ್ಪು!” ಅಂತ ಇಡೀ ಪಂಕ್ತಿಗೆ ಕೇಳುವಂತೆ ಕೂಗಿದರು. “ಮೂವತ್ತು ವರ್ಷ ಆದ್ರೂ ಇವರ ಬುದ್ಧಿ ಹೋಗಿಲ್ಲ ನೋಡ್ರೋ!”

ಗೊತ್ತಿದ್ದವರು ನಕ್ಕರು, ಗೊತ್ತಿಲ್ಲದ ಚಿಕ್ಕವರಿಗೆ ಕಥೆ ಹೇಳುವುದು ಶುರುವಾಯಿತು. ಆ ಗದ್ದಲದಲ್ಲಿ ಅಣ್ಣ ಭಜಿ ಎತ್ತಿಕೊಂಡ. ತೊಟ್ಟು ಹಿಡಿದು, ತಲೆ ಸ್ವಲ್ಪ ಹಿಂದೆ ಮಾಡಿ, ಸ್ಟೇಷನ್ ಎದುರು ತಿನ್ನುತ್ತಿದ್ದ ಹಾಗೇ.

“ಹ್ಯಾಂಗ ಅದ ಅಣ್ಣಾ?” ಅಂತ ಕೇಳಿದೆ.

“ಸಿಹಿನೂ ತಿಳೀವಲ್ದು, ಖಾರಂತೂ ಇಲ್ಲ” ಅಂದ. “ಮೆತ್ತಗ ಅದ. ನೋಡಾಕ ಮಿರ್ಚಿ ಅದ.”

ನಾಲ್ಕು ತಿಂದ. ಕರೆಂಟು ಕೊಟ್ಟ ನಾಲಿಗೆಗೆ ಎಷ್ಟೋ ತಿಂಗಳು ಸಿಹಿಯೂ ಸರಿಯಾಗಿ ಗೊತ್ತಾಗುವುದಿಲ್ಲವಂತೆ. ನಾವು ಹಾಕಿದ ಏಲಕ್ಕಿ, ತುಪ್ಪ ಎಲ್ಲ ಅವನ ಪಾಲಿಗೆ ಇರಲೇ ಇಲ್ಲ. ಅತ್ತಿಗಿ ಹಿಂದೆಯೇ ನೀರಿನ ತಂಬಿಗೆ ಹಿಡಿದು ನಿಂತಿದ್ದಳು, ಮುಕ್ಕಳಿಸಲಿಕ್ಕೆ.

ಒಂದು ತಮಾಷೆಯೂ ನಡೆಯಿತು. ಅಕ್ಕನ ನಾಲ್ಕು ವರ್ಷದ ಇನ್ನೊಬ್ಬ ಮೊಮ್ಮಗ ಅಣ್ಣನ ಎಲೆಗೆ ಕೈಹಾಕಿ ಒಂದು ಭಜಿ ಕಚ್ಚಿ, ಇದು ಭಜಿ ಅಲ್ಲ ಅಂತ ಗೋಳೋ ಅಂತ ಅತ್ತ. ಜರ್ಮನಿಯ ಮನ್‌ಹೈಮ್‌ನಲ್ಲಿ ಇದರ ಉಲ್ಟಾ ಆಗಿತ್ತಂತೆ. ಅಲ್ಲಿ 1969ರಲ್ಲಿ ಡಾರಿಯೊ ಫಾಂಟನೆಲ್ಲಾ ಎಂಬ ಐಸ್‌ಕ್ರೀಮ್ ಅಂಗಡಿಯವರು ನಮ್ಮ ಶ್ಯಾವಿಗೆ ಒತ್ತಿನಂಥದ್ದರಲ್ಲಿ ಐಸ್‌ಕ್ರೀಮ್ ಒತ್ತಿ, ಮೇಲೆ ಟೊಮೆಟೊ ರಸದ ಹಾಗೆ ಕಾಣುವ ಸ್ಟ್ರಾಬೆರಿ ರಸ ಸುರಿದು ಕೊಟ್ಟರೆ, ನಮಗೆ ಐಸ್‌ಕ್ರೀಮ್ ಬೇಕು, ನೂಡಲ್ಸ್ ಬೇಡ ಅಂತ ಮಕ್ಕಳು ಅತ್ತರಂತೆ. ಈಗ ಆ ದೇಶದ ಐಸ್‌ಕ್ರೀಮ್ ಅಂಗಡಿಗಳಲ್ಲೆಲ್ಲ ಅದು ಸಿಗುತ್ತದೆ. ನಮ್ಮ ಹುಡುಗನಿಗೆ ನಿಜವಾದ ಭಜಿ ಕೊಟ್ಟ ಮೇಲೇ ಸುಮ್ಮನಾದದ್ದು. ಚಿಂಚೋಳಿಯವನು ಅಲ್ಲವೇ!

ಆ ಮೇಲೆ ಅಣ್ಣ ದಿನಾ ಸಿಹಿ ಮಿರ್ಚಿ ತಿಂದ ಅಂತಲ್ಲ. ಅದಾದ ಮೇಲೆ ಮನೆಯಲ್ಲಿ ಎಲ್ಲರ ಜೊತೆ ಕೂಡಲಿಕ್ಕೆ ಶುರು ಮಾಡಿದ, ಅಷ್ಟೇ. ಗಂಜಿಯೇ ಇದ್ದರೂ ತಾಟಿನಲ್ಲಿ ಹಾಕಿ ಕೊಡು ಅಂದ, ಲೋಟದಲ್ಲಿ ಬೇಡ. ಅತ್ತಿಗಿ ಗಂಜಿಯ ಪಕ್ಕ ಒಂದು ಸಿಹಿಗುಂಬಳದ ಉಂಡೆ, ಒಂದು ಚಮಚ ಬಾಸುಂದಿ ಇಡುತ್ತಾ ಬಂದಳು. ಈಗ 55 ಕಿಲೋ ಇದ್ದಾನೆ. ಬಾಯಿ ಮೂರು ಬೆರಳಿನ ಹತ್ತಿರ ತೆರೆಯುತ್ತದೆ, ದಿನಾ ಕನ್ನಡಿ ಮುಂದೆ ನಿಂತು ದವಡೆಯ ವ್ಯಾಯಾಮ ಮಾಡುತ್ತಾನೆ. ಮೊಸರಲ್ಲಿ ಕಲಸಿದ ಚೂರು ಶೇಂಗಾ ಹಿಂಡಿ ತಡೆಯುತ್ತಾನೆ. ಮೂರು ತಿಂಗಳಿಗೊಮ್ಮೆ ಕಲಬುರಗಿಗೆ ತಪಾಸಣೆಗೆ ಹೋಗಬೇಕು. ಆ ಹಿಂದಿನ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ, ಅದು ಬೇರೆ ಮಾತು.

ಮೊನ್ನೆ ಅವನೇ ಫೋನ್ ಮಾಡಿದ್ದ. ಮಗಳಿಗೆ ಚಿತ್ತಾಪುರದ ಕಡೆ ಗಂಡು ನೋಡಿದ್ದಾರೆ, ಮಾತುಕತೆಗೆ ಬೀಗರು ಬರುವವರಿದ್ದಾರೆ. “ಭಜಿ ಹಳೀದಾತು” ಅಂದ, “ಈ ಸಲ ಎಣ್ಣಿಗಾಯಿ ಮಾಡು.” ಬದನೆಕಾಯಿಯ ಆ ಕಪ್ಪು ನೇರಳೆ ಬಣ್ಣಕ್ಕೆ ಏನು ಮಾಡುವುದು ಅಂತ ಎರಡು ದಿನ ಯೋಚಿಸಿ ದೊಡ್ಡವ್ವನನ್ನು ಕೇಳಿದೆ. “ಕಾಲಾ ಜಾಮೂನು ನೋಡಿಲ್ಲೇನು ನೀ?” ಅಂದಳು. ಖರೇ. ಉದ್ದಕ್ಕೆ ಹೊಸೆದು ಕಪ್ಪಗೆ ಕರಿದು, ನಾಲ್ಕು ಸೀಳು ಮಾಡಿ, ಒಳಗೆ ಕೊಬ್ಬರಿ ಎಳ್ಳಿನ ಹೂರಣ ತುಂಬಿದರೆ ಎಣ್ಣೆಗಾಯಿಯೇ. ಪಾಕ ತೆಳ್ಳಗಿದ್ದರೆ ಅಣ್ಣನಿಗೂ ನಡೆಯುತ್ತದೆ. ಉಳಿದದ್ದು ಮೇಲಿನ ಹಸಿರು ಟೋಪಿ, ಅಂದರೆ ಬದನೆಯ ತೊಟ್ಟು. ಅದನ್ನು ಮೆತ್ತಗೆ, ತಿನ್ನಲಿಕ್ಕೆ ಬರುವ ಹಾಗೆ ಯಾವುದರಿಂದ ಮಾಡಬಹುದು? ಓದುಗರಲ್ಲಿ ಯಾರಿಗಾದರೂ ಗೊತ್ತಿದ್ದರೆ ಬೇಗ ತಿಳಿಸಿ, ಬೀಗರು ಬರುವ ದಿನ ಹತ್ತಿರ ಬಂದಿದೆ.